ಹೋಮ್‌ಸ್ಕೂಲಿಂಗ್ ಬಿಡಿಸಿ ಸರ್ಕಾರಿ ಶಾಲೆಯ ನಲಿ-ಕಲಿಗೆ ಸೇರಿಸಿದೆವು: ಒಂದು ವರ್ಷದ ಅನುಭವ

ಮಗುವನ್ನು ಮನೇಲೇ ಓದಿಸೋದಾ, ಸರ್ಕಾರಿ ಶಾಲೆಗೆ ಹಾಕೋದಾ ಅಂತ ಒದ್ದಾಡುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ನಾವು ಎರಡೂ ಮಾಡಿ ನೋಡಿದ್ದೇವೆ. ಎಂಟು ತಿಂಗಳು ಮನೆಯಲ್ಲಿ, ಆಮೇಲೆ ಒಂದು ವರ್ಷ ಬನಶಂಕರಿ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ.

ನಮ್ಮ ಮಗಳು ಸ್ವಲ್ಪ ನಿಧಾನ. ಯುಕೆಜಿಯಲ್ಲಿ ದಿನಾ "ಬೇಗ ಬರಿ" ಅಂತ ಬೈಸಿಕೊಂಡು ಬರುತ್ತಿದ್ದಳು, ಬೆಳಿಗ್ಗೆ ಶೂ ಹಾಕುವಾಗಲೇ ಹೊಟ್ಟೆನೋವು ಶುರುವಾಗುತ್ತಿತ್ತು. ಅವಳ ಪಾಡಿಗೆ ಅವಳು ಕಲಿಯಲಿ ಅಂತ ಮಧ್ಯದಲ್ಲೇ ಬಿಡಿಸಿದೆವು.

ಮನೆಯಲ್ಲಿ ಓದಿಸಿದ್ದು ಪೂರ್ತಿ ದಂಡ ಅಂತ ಹೇಳಲಾರೆ. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ, ಕಬ್ಬನ್ ಪಾರ್ಕಿನ ಲೈಬ್ರರಿ, ಲಾಲ್‌ಬಾಗ್ ಎಲ್ಲಾ ಸುತ್ತಿದೆವು. ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು ಅಂದಾಗ "ಅಜ್ಜಿಗಿಂತ ಜಾಸ್ತೀನಾ?" ಅಂತ ಕೇಳಿ, ಬಂಡೆಗೆ ಕಿವಿಯಿಟ್ಟು ಕೂತಿದ್ದಳು. ಅಂಥ ಬೆಳಗುಗಳು ನಿಜಕ್ಕೂ ಚೆನ್ನಾಗಿದ್ದವು.

ಆದರೆ ಅಂಥ ಬೆಳಗು ವಾರಕ್ಕೆ ಒಂದೋ ಎರಡೋ ಅಷ್ಟೇ. ಉಳಿದ ದಿನ ನನಗೆ ಆಫೀಸ್ ಕೆಲಸ, ಹನ್ನೊಂದಕ್ಕೆ ಮೀಟಿಂಗು, ಅವಳು ಪಕ್ಕದ ರೂಮಿನಲ್ಲಿ ಒಬ್ಬಳೇ ಬಣ್ಣದ ಪೆನ್ಸಿಲ್ ಹಿಡಿದು ಕೂತಿರುತ್ತಿದ್ದಳು. ಅಪಾರ್ಟ್‌ಮೆಂಟಿನ ಮಕ್ಕಳು ಶಾಲೆಯಿಂದ ಬಂದವರೇ ಟ್ಯೂಷನ್‌ಗೆ ಹೋಗಿಬಿಡುತ್ತಿದ್ದರು. 49 ಅಕ್ಷರ ಗಟ್ಟಿಯಾಗಿ ಒಪ್ಪಿಸುತ್ತಿದ್ದಳು, ಒಂದು ಪದ ಓದಲು ಮಾತ್ರ ಬರುತ್ತಿರಲಿಲ್ಲ. ಒಂದು ದಿನ ಮೀಟಿಂಗಿಗೆ ಎರಡು ನಿಮಿಷ ಇರುವಾಗ ನಾನೇ "ಬೇಗ ಬರಿ" ಅಂತ ಕಿರುಚಿದೆ. ಅವಳು ಹೊಟ್ಟೆ ಹಿಡಿದುಕೊಂಡಳು. ಅವತ್ತೇ ನಿರ್ಧಾರ ಮಾಡಿದೆ.

ಮನೆಯಲ್ಲಿ ಓದಿಸಿದರೆ ಸರ್ಟಿಫಿಕೇಟ್ ಹೇಗೆ ಅಂತ ತುಂಬಾ ಜನ ಹೆದರುತ್ತಾರೆ, ಅದು ಅಷ್ಟು ದೊಡ್ಡ ತೊಂದರೆ ಅಲ್ಲ. ಎನ್‌ಐಓಎಸ್‌ನಲ್ಲಿ (ಕೇಂದ್ರ ಸರ್ಕಾರದ ಮುಕ್ತ ಶಾಲಾ ಸಂಸ್ಥೆ) 14 ವರ್ಷ ತುಂಬಿದವರು ಹತ್ತನೇ ತರಗತಿ ಪರೀಕ್ಷೆಗೆ ಸೇರಿಕೊಳ್ಳಬಹುದು, ಪರೀಕ್ಷೆ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ನಮಗೆ ಕಷ್ಟವಾಗಿದ್ದು ಆ 14 ವರ್ಷ ಆಗುವವರೆಗಿನ ಸೋಮವಾರ, ಮಂಗಳವಾರಗಳನ್ನು ತುಂಬುವುದು.

ಈಗ ಶಾಲೆ. ಒಂದರಿಂದ ಮೂರನೇ ತರಗತಿವರೆಗೆ ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಮೇಷ್ಟ್ರುಗಳು ಯುನಿಸೆಫ್ ನೆರವಿನಿಂದ ಶುರು ಮಾಡಿದ ಪದ್ಧತಿ ಇದು. ಹೆಸರು ಕೇಳಿದ್ದೆ, ಏನು ಅಂತ ಗೊತ್ತಿರಲಿಲ್ಲ. ಮೂರೂ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪುಗುಂಪಾಗಿ ಕೂರುತ್ತಾರೆ, ಆ ಗುಂಪಿಗೆ 'ತಟ್ಟೆ' ಅನ್ನುತ್ತಾರೆ. ಒಂದು ತಟ್ಟೆಗೆ ಟೀಚರ್ ಸಹಾಯ, ಇನ್ನೊಂದಕ್ಕೆ ಗೆಳೆಯರ ಸಹಾಯ, ಮತ್ತೊಂದರಲ್ಲಿ ತಾವೇ ಕಲಿಯಬೇಕು. ಗೋಡೆಯಲ್ಲಿ ಕಲಿಕಾ ಏಣಿ, ಅಂದರೆ ಕಲಿಯಬೇಕಾದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಪಟ್ಟಿ ಇರುತ್ತದೆ. ಮಗು ತಾನು ಎಲ್ಲಿದ್ದೇನೆ ಅಂತ ಅದರಲ್ಲಿ ನೋಡಿಕೊಂಡು ಆ ಮೆಟ್ಟಿಲಿನ ಪಾಠದ ಕಾರ್ಡು ತಾನೇ ತೆಗೆದುಕೊಳ್ಳುತ್ತದೆ. ಜ್ವರ ಬಂದು ಒಂದು ವಾರ ತಪ್ಪಿಸಿಕೊಂಡರೆ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ನಾನು ಮನೆಯಲ್ಲಿ ಕೊಡಲು ಹೊರಟಿದ್ದು ಇದನ್ನೇ ಅಲ್ವಾ! ಸುತ್ತ ಇಪ್ಪತ್ತು ಮಕ್ಕಳೂ ಇದ್ದಾರೆ.

ಅಕ್ಷರ ಕಲಿಸುವ ರೀತಿ ನನಗೆ ತುಂಬಾ ಇಷ್ಟವಾಯಿತು. ಅ ಆ ಇ ಈ ಅಂತ ಶುರು ಮಾಡುವುದಿಲ್ಲ. ಮೊದಲು ರ, ಗ, ಸ, ದ, ಅ. ಈ ಐದು ಬಂದರೆ ಸರ, ಅರಸ, ದಸರ ಓದಬಹುದು. ಒಂದು ಸಂಜೆ ಬ್ಯಾಗು ಬಿಸಾಕಿ ನೆಲದ ಮೇಲೆ ಚಾಕ್‌ಪೀಸಿನಲ್ಲಿ 'ಗರಗಸ' ಅಂತ ಬರೆದು, ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಓದಿದಳು. ಗರಗಸ ಅಂದರೆ ಏನು ಅಂತ ಗೊತ್ತಿರಲಿಲ್ಲ, ಕೆಳಗಡೆ ಬಡಗಿಯವರ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದೆ. ನನಗೆ ಕಣ್ಣಲ್ಲಿ ನೀರು ಬಂತು.

ಫೀಸ್ ಇಲ್ಲ, ಪುಸ್ತಕ, ಯೂನಿಫಾರ್ಮ್ ಅವರೇ ಕೊಡುತ್ತಾರೆ. ಮಧ್ಯಾಹ್ನ ಊಟ, ಮೊಟ್ಟೆ, ಬೇಡದವರಿಗೆ ಬಾಳೆಹಣ್ಣು. 2013ರಿಂದ ಬಂದಿರುವ ಕ್ಷೀರಭಾಗ್ಯದ ಹಾಲೂ ಇದೆ. ಮನೆಯಲ್ಲಿ ಹಾಲು ಮುಟ್ಟದವಳು ಅಲ್ಲಿ ಗೆಳತಿ ಜೊತೆ ಲೋಟ ಖಾಲಿ ಮಾಡುತ್ತಾಳೆ.

ಕೊರತೆಗಳನ್ನೂ ಹೇಳಲೇಬೇಕು. ಟೀಚರನ್ನು ಸಮೀಕ್ಷೆ ಕೆಲಸಕ್ಕೆ ಕಳಿಸಿದ ವಾರ ಮಕ್ಕಳು ಸುಮ್ನೆ ಕೂತಿದ್ದರು. ಒಬ್ಬರಿಗೆ ಮೂರು ತರಗತಿ ಕೊಟ್ಟು ಮೇಲೆ ಈ ಹೊರೆ ಹೊರಿಸುವುದು ಅನ್ಯಾಯ. ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಚಿಲಕ ಇರಲಿಲ್ಲ, ಮಗಳು ಇಡೀ ದಿನ ತಡೆದುಕೊಂಡು ಬರುತ್ತಿದ್ದಳು. ಎಸ್‌ಡಿಎಂಸಿ (ಪೋಷಕರೂ ಇರುವ ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಎದ್ದು ನಿಂತು ಕೇಳಿದ ಮೇಲೆ ಮೂರು ವಾರಕ್ಕೆ ಹಾಕಿಸಿದರು. ಸೇರಿಸಿ ಬಂದರೆ ಆಯ್ತು ಅನ್ನುವಂತಿಲ್ಲ, ಹೋಗಿ ಕೇಳುತ್ತಿರಬೇಕು.

ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು. ಆದರೆ ಶಾಲೆಯಿಂದ ಶಾಲೆಗೆ ವ್ಯತ್ಯಾಸ ಇದೆ, ನಲಿ-ಕಲಿ ಟೀಚರ್ ಮೇಲೇ ಜಾಸ್ತಿ ನಿಂತಿದೆ. ಸೇರಿಸುವ ಮುಂಚೆ ಒಂದು ಬೆಳಿಗ್ಗೆ ಹೋಗಿ, ಅನುಮತಿ ಕೇಳಿ, ಆ ಕೋಣೆಯಲ್ಲಿ ಅರ್ಧ ಗಂಟೆ ಕೂತು ನೋಡಿ. ಕಾರ್ಡುಗಳು ಬೀರುವಿನಲ್ಲಿ ಹೊಸದಾಗಿ ಮಿಂಚುತ್ತಿದ್ದರೆ ಬೇರೆ ಶಾಲೆ ಹುಡುಕಿ. ನಮ್ಮ ಶಾಲೆಯಲ್ಲಿ ಅವುಗಳ ಅಂಚು ಸವೆದು ಮೂಲೆಗಳೆಲ್ಲಾ ಮಡಚಿಕೊಂಡಿವೆ.