ನೇರ ಸಂಪುಟವೇ, ಒಂದೊಂದೇ ಮೆಟ್ಟಿಲೇ?

ಮುಂಬಯಿಯಲ್ಲಿ ಬೆಳೆದು ರಾಜಕೀಯಕ್ಕೆ ಇಳಿಯಬೇಕೆಂದಿರುವ ಕನ್ನಡದ ತರುಣ ತರುಣಿಯರು ಯಾರ ದಾರಿಯನ್ನು ಅಭ್ಯಾಸ ಮಾಡಬೇಕು? ಶಿವಸೇನೆಯ ಆದಿತ್ಯ ಠಾಕ್ರೆ 2019ರಲ್ಲಿ ಮುಂಬಯಿಯ ವರ್ಲಿ ಕ್ಷೇತ್ರದಿಂದ ಗೆದ್ದು, ಅದೇ ಡಿಸೆಂಬರ್‌ನಲ್ಲಿ, 29ರ ಹರೆಯದಲ್ಲಿ ಮಹಾರಾಷ್ಟ್ರದ ಸಂಪುಟ ಸಚಿವರಾದರು. ಪರಿಸರ, ಪ್ರವಾಸೋದ್ಯಮ ಖಾತೆಗಳು, ಆಗ ತಂದೆ ಉದ್ಧವ್ ಅವರೇ ಮುಖ್ಯಮಂತ್ರಿ. 2022ರಲ್ಲಿ ಸರ್ಕಾರ ಉರುಳಿತು, ಹುದ್ದೆಯೂ ಹೋಯಿತು.

ಮಹಾರಾಷ್ಟ್ರದ ಇನ್ನೊಬ್ಬ ರಾಜಕಾರಣಿ ಅದಿತಿ ತಟ್ಕರೆ ಅವರದು ಬೇರೆ ನಡಿಗೆ. ಅವರೂ ರಾಜಕೀಯ ಮನೆತನದವರೇ, ನಿಜ. ಆದರೆ ಮೊದಲು ರಾಯಗಡ ಜಿಲ್ಲಾ ಪರಿಷತ್ತಿನ ಅಧ್ಯಕ್ಷರಾಗಿದ್ದರು. 2019ರಲ್ಲಿ ಶ್ರೀವರ್ಧನದ ಶಾಸಕಿ, ಆಮೇಲೆ ರಾಜ್ಯ ದರ್ಜೆಯ ಸಚಿವೆ. ಸಂಪುಟ ದರ್ಜೆ ಸಿಕ್ಕಿದ್ದು 2023ರಲ್ಲಿ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಖಾತೆಯೊಂದಿಗೆ.

ಬೆನ್ನಿಗೆ ಮನೆತನವಿಲ್ಲದ ನಮ್ಮ ಮಾಟುಂಗಾ, ಡೊಂಬಿವಲಿಯ ಮಕ್ಕಳಿಗೆ ನಾನು ಎರಡನೆಯದನ್ನೇ ತೋರಿಸುತ್ತೇನೆ. ಮೊದಲು ವಾರ್ಡು, ಪಾಲಿಕೆ. ಮರಾಠಿಯಲ್ಲಿ ನಿರರ್ಗಳವಾಗಿ ಭಾಷಣ ಮಾಡುವಷ್ಟು ಪಳಗಿರಿ.