ಫಿಯಟ್ 1100 ಡಿಲೈಟ್: ಧಾರವಾಡದ ರಸ್ತೆಗಳಲ್ಲಿ ಒಂದು ತಲೆಮಾರು ಓಡಿಸಿದ ಮೇಲೆ

ಹಳೇ ಫಿಯಟ್ ಒಂದನ್ನು ಕೊಳ್ಳಲೇ ಎಂದು ಕೇಳುವವರು ನಮ್ಮ ಕಡೆ ಈಚೆಗೆ ಹೆಚ್ಚಾಗಿದ್ದಾರೆ. ಪೆಟ್ರೋಲ್ ಪಂಪಿನಲ್ಲಿ ನಿಂತಾಗ, ಮದುವೆ ಮನೆಯ ಮುಂದೆ ಗಾಡಿ ಹಚ್ಚಿದಾಗ, ಯಾರಾದರೊಬ್ಬರು ಬಂದು ಬಾನೆಟ್ ಮೇಲೆ ಕೈಯಾಡಿಸಿ, "ಸ್ಪೇರ್ ಪಾರ್ಟ್ ಸಿಗ್ತಾವೇನ್ರಿ ಸರ?" ಎನ್ನುತ್ತಾರೆ. ಸಿಗುತ್ತವೆ. ಆದರೆ ಅದಕ್ಕೂ ಮೊದಲು ಯೋಚಿಸಬೇಕಾದ ಮಾತೊಂದಿದೆ: ವಾರಕ್ಕೊಮ್ಮೆಯಾದರೂ ಇದನ್ನು ಓಡಿಸಲು ನಿಮಗೆ ಪುರಸೊತ್ತು ಇದೆಯೇ? ಶೆಡ್ಡಿನಲ್ಲಿ ಹೊದಿಕೆ ಹಾಕಿ ಇಟ್ಟ ಫಿಯಟ್‌ಗಳು ಹಾಳಾದದ್ದನ್ನು ನಾನು ಸಾಕಷ್ಟು ನೋಡಿದ್ದೇನೆ. ದಿನಾ ಓಡಿ ಹಾಳಾದದ್ದು ಕಡಿಮೆ.

ನಮ್ಮದು 1969ರ ಡಿಲೈಟ್. ಅಪ್ಪ ಧಾರವಾಡದಲ್ಲಿ ಕಾಲೇಜು ಮೇಷ್ಟ್ರಾಗಿದ್ದರು. ಎಂಬತ್ತರ ದಶಕದ ಮೊದಲಲ್ಲಿ ಇದನ್ನು ಸೆಕೆಂಡ್ ಹ್ಯಾಂಡ್ ಕೊಂಡರು. ಆಗ ಹೊಸ ಕಾರಿಗೆ ಹೆಸರು ಹಚ್ಚಿ ವರ್ಷಗಟ್ಟಲೆ ಕಾಯಬೇಕಿತ್ತು. ಇಂದಿಗೂ ಸಪ್ತಾಪುರದಿಂದ ಹುಬ್ಬಳ್ಳಿಯ ದುರ್ಗದಬೈಲಿಗೆ, ಶನಿವಾರ ನುಗ್ಗಿಕೇರಿ ಹನುಮಪ್ಪನ ಗುಡಿಗೆ, ಅಣ್ಣಿಗೇರಿಯ ಬೀಗರ ಮನೆಗೆ ಇದರಲ್ಲೇ ಹೋಗುತ್ತೇವೆ.

ಇದರ ಮೂಲ ಇಟಲಿ. 1953ರ ಜಿನೀವಾ ಪ್ರದರ್ಶನದಲ್ಲಿ ಫಿಯಟ್ ಕಂಪನಿ 1100/103 ಎಂಬ ಮಾದರಿಯನ್ನು ಜನರ ಮುಂದಿಟ್ಟಿತು. ಅದರ ಹಿಂದಿದ್ದ ಮುಖ್ಯ ಇಂಜಿನಿಯರ್ ಡಾಂಟೆ ಜಾಕೋಸಾ. ಹಿಂದಿನ 1100ಕ್ಕೆ ಬಾಡಿಯ ಕೆಳಗೆ ಬೇರೆ ಚಾಸಿ (ಭಾರ ಹೊರುವ ಚೌಕಟ್ಟು) ಇತ್ತು, ಇದಕ್ಕೆ ಇಲ್ಲ. ಬಾಡಿಯೇ ಚಾಸಿಯ ಕೆಲಸವನ್ನೂ ಮಾಡುತ್ತದೆ. ಹಾಗಾಗಿ ಗಾಡಿ ಹಗುರ, 900 ಕಿಲೋದ ಆಸುಪಾಸು. (ಈ ಮಾತು ನೆನಪಿರಲಿ, ತುಕ್ಕಿನ ವಿಚಾರ ಬಂದಾಗ ಬೇಕಾಗುತ್ತದೆ.) 1962ರಲ್ಲಿ ಇಟಲಿಯಲ್ಲಿ 1100ಡಿ ಬಂತು, ನಾಲ್ಕು ವರ್ಷದಲ್ಲಿ ಅಲ್ಲಿ ಅದರ ಕಾಲ ಮುಗಿಯಿತು. ನಮ್ಮಲ್ಲಿ ಮುಂಬೈ ಕುರ್ಲಾದ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆ ಅದೇ ಗಾಡಿಯನ್ನು 1964ರಿಂದ ಡಿಲೈಟ್ ಎಂದು ಮಾಡತೊಡಗಿತು. ಎಪ್ಪತ್ತರ ದಶಕದಲ್ಲಿ ಫಿಯಟ್ ಹೆಸರು ಬಿಟ್ಟು ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರಿಂದ ಪ್ರೀಮಿಯರ್ ಪದ್ಮಿನಿ. ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಅದೇ ಆಕಾರ 2001ರವರೆಗೆ ಬಂತು. ನಮ್ಮ ಊರಿನಲ್ಲಿ ಮಾತ್ರ ಎಲ್ಲವೂ ಫಿಯಟ್ಟೇ.

ಪ್ರೀಮಿಯರ್ ಕಂಪನಿ ಕಟ್ಟಿದವರು ಸೊಲ್ಲಾಪುರದ ವಾಲಚಂದ್ ಹೀರಾಚಂದ್, 1944ರಲ್ಲಿ. ಅದಕ್ಕೆ ಮೊದಲೇ, 1930ರ ದಶಕದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ಯುರೋಪು, ಅಮೆರಿಕ ಸುತ್ತಿ ಬಂದು ಭಾರತದಲ್ಲಿ ಮೋಟಾರು ಕಾರ್ಖಾನೆಯ ಯೋಜನೆ ತಯಾರಿಸಿದ್ದರು. ವಾಲಚಂದರು ಅದರಲ್ಲಿ ಜೊತೆಗಿದ್ದರು, ಮೈಸೂರು ಸಂಸ್ಥಾನವೂ ಕೈಜೋಡಿಸಲು ಮುಂದೆ ಬಂದಿತ್ತು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. 1940ರಲ್ಲಿ ವಾಲಚಂದರು ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರು ಮಾಡಿದರು, ಇಂದಿನ ಎಚ್‌ಎಎಲ್ ಅದೇ. ಕಾರು ಮಾತ್ರ ಮುಂಬೈ ಪಾಲಾಯಿತು. ಈ ಗಾಡಿಯ ಬಾನೆಟ್ ಎತ್ತಿದಾಗಲೆಲ್ಲ ನನಗೆ ಆ ಸಂಗತಿ ನೆನಪಾಗಿ ಹೊಟ್ಟೆಯಲ್ಲಿ ಚುರುಕ್ ಎನ್ನುತ್ತದೆ.

ಇನ್ನೊಂದು ಸಂಗತಿ, ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದದ್ದು. ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರಲ್ಲಿ ಮನೆಯವರಿಗಾಗಿ ಕೊಂಡದ್ದು ಫಿಯಟ್. ಬೆಲೆ 12,000 ರೂಪಾಯಿ. ಕೈಯಲ್ಲಿದ್ದದ್ದು ಸಾಲದೆ 5,000 ರೂಪಾಯಿ ಪಂಜಾಬ್ ನ್ಯಾಷನಲ್ ಬ್ಯಾಂಕಿನಿಂದ ಸಾಲ ತಂದರು. ಅವರು ತೀರಿಕೊಂಡ ಮೇಲೆ ಆ ಸಾಲವನ್ನು ಅವರ ಪತ್ನಿ ಲಲಿತಾದೇವಿಯವರು ಪಿಂಚಣಿಯಿಂದ ತೀರಿಸಿದರು. ಆ ಕಾರು ಈಗಲೂ ದಿಲ್ಲಿಯ ಶಾಸ್ತ್ರಿ ಸ್ಮಾರಕದಲ್ಲಿದೆ. ಮಧ್ಯಮ ವರ್ಗದ ಸಂಸಾರಕ್ಕೆ ಈ ಗಾಡಿ ಎಷ್ಟು ದೊಡ್ಡ ಸಂಗತಿಯಾಗಿತ್ತು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಓಡಿಸುವ ವಿಚಾರಕ್ಕೆ ಬರೋಣ. 1089 ಸಿಸಿ, ನಾಲ್ಕು ಸಿಲಿಂಡರ್, ಸುಮಾರು 40 ಅಶ್ವಶಕ್ತಿ. ಇಂದಿನ ಲೆಕ್ಕದಲ್ಲಿ ಏನೂ ಅಲ್ಲ. ಆದರೂ ಐದು ಜನ ಕೂತು ಸಾಮಾನು ತುಂಬಿದರೂ ಗಂಟೆಗೆ 60–70 ಕಿ.ಮೀ. ವೇಗದಲ್ಲಿ ಬೇಸರವಿಲ್ಲದೆ ಹೋಗುತ್ತದೆ. ಅದರಾಚೆ ಒತ್ತಾಯ ಮಾಡಬಾರದು. ಗೇರ್ ಸ್ಟೇರಿಂಗ್ ಪಕ್ಕದಲ್ಲಿದೆ, ನಾಲ್ಕು ಗೇರು. ಒಂದನೆಯದಕ್ಕೆ ಸಿಂಕ್ರೋಮೆಶ್ (ಓಡುವಾಗಲೂ ಗೇರು ಸಲೀಸಾಗಿ ಬೀಳಿಸುವ ಏರ್ಪಾಟು) ಇಲ್ಲ, ಆದ್ದರಿಂದ ಗಾಡಿ ಪೂರ್ತಿ ನಿಂತ ಮೇಲೆಯೇ ಹಾಕಬೇಕು. ಉಳಿದ ಗೇರುಗಳು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಬೀಳುತ್ತವೆ, ಗೇರಿನ ಸರಳುಗಳ ಕೀಲಿನಲ್ಲಿರುವ ಬುಷ್‌ಗಳು ಸವೆದಿರದಿದ್ದರೆ. ಬುಷ್ ಸವೆದ ಗಾಡಿ ಓಡಿಸಿ ನೋಡಿ "ಫಿಯಟ್ ಗೇರ್ ಸರಿಯಿಲ್ಲ" ಎಂದು ಬಿಟ್ಟವರು ಬಹಳ ಜನ. ಹುಬ್ಬಳ್ಳಿ ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಹಳೇ ಬುಷ್ ತೋರಿಸಿದರೆ ಲೇಥ್‌ನಲ್ಲಿ ಹೊಸದು ಕಡೆದುಕೊಡುತ್ತಾರೆ. ಈ ಕಾರನ್ನು ನಾನು ಮೆಚ್ಚುವುದು ಇದಕ್ಕೇ. ಇದರಲ್ಲಿ ನಮ್ಮ ಊರಿನ ಕೈಗೆ ಮೀರಿದ್ದು ಬಹಳ ಕಡಿಮೆ.

ಮುಂದಿನ ಬಾಗಿಲುಗಳ ತಿಕೋನ ಗಾಜು ತಿರುಗಿಸಿಟ್ಟರೆ ಗಾಳಿ ನೇರ ಎದೆಗೆ ಬರುತ್ತದೆ. ಏಪ್ರಿಲ್‌ನಲ್ಲಿ ನವಲಗುಂದದ ಕಡೆ ಬಯಲಲ್ಲಿ ಹೋಗುವಾಗ ಅದರ ಬೆಲೆ ಗೊತ್ತಾಗುತ್ತದೆ. ಗಾಜುಗಳ ನಡುವಿನ ಕಂಬಗಳು ಸಣ್ಣವು, ಸುತ್ತ ಎಲ್ಲ ಕಾಣುತ್ತದೆ. ಸೀಟು ಎತ್ತರ, ಬಾಗಿಲು ಅಗಲವಾಗಿ ತೆರೆಯುತ್ತದೆ. ಮನೆಯಲ್ಲಿ ಹೊಸ ಕಾರೂ ಇದೆ, ಆದರೆ ಅವ್ವ ಗುಡಿಗೆ ಹೊರಟರೆ ಇದನ್ನೇ ಕೇಳುತ್ತಾಳೆ: "ಈ ಗಾಡ್ಯಾಗ ಕುಂತ್ರ ಮೊಣಕಾಲ ನೋಯೂದಿಲ್ಲಪಾ." ವಯಸ್ಸಾದವರಿರುವ ಮನೆಗೆ ಇದು ಸಣ್ಣ ಮಾತಲ್ಲ.

ಈಗ ಕಷ್ಟದ ಸಂಗತಿಗಳು. ಮೊದಲನೆಯದು ಬಿಸಿ. ಇಂಜಿನ್ನಿನ ಬ್ಲಾಕ್ ಬೀಡು ಕಬ್ಬಿಣದ್ದು, ಅದರ ಮೇಲೆ ಕೂರುವ ಹೆಡ್ ಅಲ್ಯುಮಿನಿಯಂ. ಎರಡೂ ಒಂದೇ ಅಳತೆಯಲ್ಲಿ ಹಿಗ್ಗುವುದಿಲ್ಲ. ಒಮ್ಮೆ ಜೋರಾಗಿ ಕಾಯ್ದರೆ ಹೆಡ್ ಸೊಟ್ಟಾಗಿ, ಎರಡರ ನಡುವಿನ ಗ್ಯಾಸ್ಕೆಟ್ ಹೋಗುತ್ತದೆ. ಹುಬ್ಬಳ್ಳಿ–ಧಾರವಾಡ ನಡುವೆ ಓಡಾಡುವ ಚಿಗರಿ ಬಸ್ಸಿಗೆ ರಸ್ತೆಯಲ್ಲಿ ಪ್ರತ್ಯೇಕ ದಾರಿಯಾದ ಮೇಲೆ ಉಳಿದ ವಾಹನಗಳು ಉಣಕಲ್, ನವನಗರದ ಸಿಗ್ನಲ್‌ಗಳಲ್ಲಿ ನಿಂತು ನಿಂತು ಹೋಗುತ್ತವೆ. ಇಂಜಿನ್ನಿಗೆ ಕಟ್ಟಿದ ಹಳೇ ಫ್ಯಾನು ಆಗ ನಿಧಾನ ತಿರುಗುತ್ತದೆ. ಅದಕ್ಕೇ ರೇಡಿಯೇಟರ್ ಬಿಚ್ಚಿಸಿ ಒಳಗಿನ ಕೊಳವೆಗಳ ಹೊಲಸು ತೆಗೆಸಿ, ಬೋರ್‌ವೆಲ್ ನೀರಿನ ಬದಲು ಕೂಲಂಟ್ (ಇಂಜಿನ್ ತಣ್ಣಗಿಡುವ ದ್ರವ) ಹಾಕಿ, ಒಂದು ಎಲೆಕ್ಟ್ರಿಕ್ ಫ್ಯಾನು ಮತ್ತು ಬೇರೆ ಟೆಂಪರೇಚರ್ ಮೀಟರ್ ಕೂಡಿಸಿದೆವು. ನಮ್ಮ ನೀರಿನಲ್ಲಿ ಸುಣ್ಣದಂಶ ಜಾಸ್ತಿ, ಬೇರೇನೂ ಮಾಡದಿದ್ದರೂ ಕೂಲಂಟ್ ಒಂದನ್ನು ಹಾಕಿ. ಇಷ್ಟು ಮಾಡಿದ ಮೇಲೆ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು, ಅಂಕೋಲೆ ನೋಡಿ, ಮತ್ತೆ ಅದೇ ಘಟ್ಟ ಹತ್ತಿ ಬಂದಿದ್ದೇವೆ. ಮೀಟರ್ ಮುಳ್ಳು ಕೆಂಪಿಗೆ ಹೋಗಲಿಲ್ಲ.

ಬೇಸಿಗೆಯಲ್ಲಿ ಇನ್ನೊಂದು ಕಾಟ: ಓಡುತ್ತಿದ್ದ ಗಾಡಿ ಇದ್ದಕ್ಕಿದ್ದಂತೆ ನಿಲ್ಲುತ್ತದೆ, ಸೆಲ್ಫ್ ಹೊಡೆದರೂ ಹತ್ತುವುದಿಲ್ಲ. ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪು ಇಂಜಿನ್ನಿಗೆ ಅಂಟಿಕೊಂಡೇ ಇರುವುದರಿಂದ ಪೆಟ್ರೋಲ್ ಒಳಗೇ ಆವಿಯಾಗಿ ದಾರಿ ಕಟ್ಟುತ್ತದೆ. ಗದಗ ರಸ್ತೆಯಲ್ಲಿ ಹೀಗಾದಾಗ ನಮ್ಮ ಮಿಸ್ತ್ರಿ ಚಾಚಾ ಫೋನಿನಲ್ಲೇ ಹೇಳಿದರು: "ಇಂಜಿನ್ ಕೆಟ್ಟಿಲ್ಲ ಸಾಹೇಬ್ರ, ಪಂಪಿಗೆ ಬಿಸಲ ಹತ್ತೇತಿ. ಹಸಿ ಅರಿವಿ ಹಾಕ್ರಿ." ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಕೂತರೆ ಗಾಡಿ ಹೊರಡುತ್ತದೆ. ಡಿಕ್ಕಿಯಲ್ಲಿ ಒಂದು ಹಳೇ ಪಂಚೆ, ಎರಡು ಬಾಟಲಿ ನೀರು ಸದಾ ಇರಲಿ.

ಈಗ ಬರುತ್ತಿರುವ ಇ20 ಪೆಟ್ರೋಲ್ ಬಗ್ಗೆ ಹಳೇ ಗಾಡಿಯವರು ಗಂಭೀರವಾಗಿ ಯೋಚಿಸಬೇಕು. ಶೇ. 20 ಎಥೆನಾಲ್ ಇರುವ ಈ ಇಂಧನ ಹಳೇ ಕಾಲದ ರಬ್ಬರನ್ನು ತಿನ್ನುತ್ತದೆ. ಪೈಪು, ಪಂಪಿನೊಳಗಿನ ಡಯಾಫ್ರಾಮ್, ಕಾರ್ಬೋರೇಟರ್ ವಾಷರ್, ಎಲ್ಲ ಮೆತ್ತಗಾಗುತ್ತವೆ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಸೋರುವುದೆಂದರೆ ಬೆಂಕಿಯ ಮಾತು. ಎಥೆನಾಲ್ ತಾಳುವ ಪೈಪು ಮಾರುಕಟ್ಟೆಯಲ್ಲಿವೆ, ಪೂರ್ತಿ ಬದಲಾಯಿಸಿ. ಎಥೆನಾಲ್ ಗಾಳಿಯ ತೇವವನ್ನೂ ಹೀರುತ್ತದೆ, ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನೊಳಗೆ ತುಕ್ಕು ಹಿಡಿಯುತ್ತದೆ. ಓಡಿಸಿ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ಮೈಲೇಜ್ ನಮಗೆ ಊರಲ್ಲಿ ಲೀಟರಿಗೆ ಹತ್ತರ ಸುತ್ತ, ಹೊರಗೆ ಹನ್ನೆರಡು ಹದಿಮೂರು.

ತುಕ್ಕು. ಧಾರವಾಡದ ಜಿಟಿಜಿಟಿ ಮಳೆ, ಹೊಲದ ದಾರಿಯ ಎರೆಮಣ್ಣು, ಎರಡೂ ಸೇರಿದರೆ ಫಿಯಟ್‌ಗೆ ಶತ್ರು ಬೇರೆ ಬೇಡ. ಎರೆಮಣ್ಣು ಮಡ್‌ಗಾರ್ಡಿನ ಒಳಗೆ ಮೆತ್ತಿಕೊಂಡು ದಿನಗಟ್ಟಲೆ ಹಸಿಯಾಗಿರುತ್ತದೆ. ಚಾಸಿ ಬೇರೆ ಇಲ್ಲದ ಗಾಡಿಯಲ್ಲಿ ಬಾಗಿಲ ಕೆಳಗಿನ ಪಟ್ಟಿ, ನೆಲ, ಡಿಕ್ಕಿಯ ತಳ ತುಕ್ಕು ಹಿಡಿದರೆ ಗಾಡಿಯ ಬೆನ್ನುಮೂಳೆಯೇ ಹೋದಂತೆ. ಹೊಲಕ್ಕೆ ಹೋಗಿ ಬಂದ ದಿನವೇ ಕೆಳಗಿನಿಂದ ನೀರು ಹೊಡೆಸಿ. ಹಿಂದೊಮ್ಮೆ ಒಂದು ಗ್ಯಾರೇಜಿನವರು ನಮ್ಮ ಗಾಡಿಯ ತೂತಿಗೆ ತಗಡು ಬೆಸೆಯುವ ಬದಲು ಪುಟ್ಟಿ ತುಂಬಿ ಬಣ್ಣ ಹೊಡೆದು ಕಳಿಸಿದ್ದರು. ಮರು ಮಳೆಗಾಲಕ್ಕೆ ಅದು ಉದುರಿತು. ಟಿಂಕರಿಂಗ್ (ಬಾಡಿಯ ತಗಡಿನ ಕೆಲಸ) ಮಾಡಿಸುವಾಗ ಬಣ್ಣಕ್ಕೆ ಮೊದಲು ಹೋಗಿ ಕಣ್ಣಾರೆ ನೋಡಿ.

ಬ್ರೇಕು ನಾಲ್ಕೂ ಕಡೆ ಡ್ರಮ್, ಆಯಿಲ್ ಲೈನು ಒಂದೇ. ಎಲ್ಲಾದರೂ ಒಡೆದರೆ ನಾಲ್ಕೂ ಹೋದವು. ಸೀಟ್ ಬೆಲ್ಟ್ ಇರಲಿಲ್ಲ, ಮುಂದಿನ ಸೀಟಿಗೆ ಹಾಕಿಸಿದ್ದೇವೆ. ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಗೆ ನಾನು ಇದನ್ನು ಒಯ್ಯುವುದಿಲ್ಲ, ಲಾರಿಗಳ ಬೈಪಾಸ್ ಕಡೆ ಮುಖವನ್ನೂ ಹಾಕುವುದಿಲ್ಲ. ಸುರಕ್ಷತೆಯಲ್ಲಿ ಈ ಕಾರು ಇಂದಿನ ಅತಿ ಅಗ್ಗದ ಕಾರಿಗೂ ಸಮವಲ್ಲ, ಪ್ರೀತಿಯಿಂದ ಅದು ಬದಲಾಗುವುದಿಲ್ಲ.

ಕಾಗದಪತ್ರ: ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಕಾರಿಗೆ ಶುಲ್ಕ 5,000 ರೂಪಾಯಿ ಇತ್ತು. 2025ರಲ್ಲಿ ಇಪ್ಪತ್ತು ವರ್ಷ ಮೀರಿದ ಕಾರಿಗೆ ಅದನ್ನು 10,000ಕ್ಕೆ ಏರಿಸಿದರು. ಐವತ್ತು ವರ್ಷ ಮೀರಿದ್ದನ್ನು 2021ರ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸಬಹುದು, ಆದರೆ ಹಾಗೆ ಮಾಡಿದರೆ ದಿನನಿತ್ಯ ಓಡಿಸುವಂತಿಲ್ಲ. ನಾವು ಸಾಮಾನ್ಯ ನೋಂದಣಿಯಲ್ಲೇ ಉಳಿದಿದ್ದೇವೆ.

ಬಿಡಿಭಾಗಗಳ ವಿಚಾರ. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಗಳಿದ್ದಷ್ಟು ಕಾಲ ಚಿಂತೆ ಇರಲಿಲ್ಲ, ಕುರ್ಲಾ ಕಡೆಯಿಂದ ಬೇಕಾದ್ದು ಬರುತ್ತಿತ್ತು. 2023ರ ಅಕ್ಟೋಬರ್ ಕೊನೆಗೆ ಅಲ್ಲಿಯ ಪದ್ಮಿನಿ ಟ್ಯಾಕ್ಸಿಗಳ ಅವಧಿ ಮುಗಿಯಿತು. ಇಂಜಿನ್, ಕ್ಲಚ್, ಬ್ರೇಕಿನ ಭಾಗಗಳು ಈಗಲೂ ಸಿಗುತ್ತವೆ, ಪದ್ಮಿನಿಯವು ಬಹಳಷ್ಟು ಡಿಲೈಟ್‌ಗೆ ಕೂಡುತ್ತವೆ. ಸಿಗದಿರುವುದು ಮುಂದಿನ ಗಾಜಿನ ಒಳ್ಳೆಯ ರಬ್ಬರ್, ಹಿಂದಿನ ದೀಪದ ಗಾಜು, ಕ್ರೋಮ್ ಪಟ್ಟಿ. ಕಂಡಲ್ಲಿ ಕೊಂಡಿಡಿ.

ಹಾಗಾಗಿ ಕೊಳ್ಳಲು ಹೋದಾಗ ಬಣ್ಣ ನೋಡಬೇಡಿ. ನೆಲಹಾಸು ಎತ್ತಿಸಿ, ಜಾಕ್ ಹಾಕಿ ಎತ್ತಿ ಬಾಗಿಲು ತೆರೆದು ಮುಚ್ಚಿ ನೋಡಿ. ಎತ್ತಿದಾಗ ಬಾಗಿಲು ಸಿಕ್ಕಿಕೊಂಡರೆ ಬಾಡಿ ಬಾಗುತ್ತಿದೆ ಎಂದರ್ಥ, ಅಲ್ಲಿಂದ ಹೊರಟುಬಿಡಿ. ರೇಡಿಯೇಟರ್ ನೀರಿನಲ್ಲಿ ಎಣ್ಣೆಯ ಪೊರೆ ಇದ್ದರೆ ಹೆಡ್ ಕೆಲಸ ಇದೆ, ಅಷ್ಟು ದುಡ್ಡು ಕಡಿಮೆ ಮಾಡಿಸಿ. ಹೊಗೆ ಬಂದರೆ ಹೆದರಬೇಡಿ, ಸಿಲಿಂಡರ್ ಬೋರ್ ಮಾಡಿಸಿ (ಒಳಮೈ ಕಡೆಸಿ) ಹೊಸ ಪಿಸ್ಟನ್ ಹಾಕಿದರೆ ನಿಲ್ಲುತ್ತದೆ. ಎಲ್ಲ ಗಾಜು, ದೀಪ, ಕ್ರೋಮ್ ಇದ್ದು, ನೆಲ ಗಟ್ಟಿ ಇದ್ದು, ಮಾಲೀಕರು ನಿನ್ನೆ ಕೂಡ ಸಂತೆಗೆ ಓಡಿಸಿದ ಗಾಡಿ ಎಂದರೆ, ನೋಡಲು ಎಷ್ಟೇ ಮಾಸಿದ್ದರೂ ಅದನ್ನೇ ತನ್ನಿ.