ಯಂತ್ರ ಒಂದು, ಸಾಲು ಹೇಗಿರಲಿ?

ಮಣಿಪಾಲದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ಗೆಳೆಯರ ಪ್ರಶ್ನೆ: ಯಂತ್ರ ಒಂದೇ, ಸರದಿಯಂತೆ ಮಾಡಿಕೊಡಲೇ, ತುರ್ತಿನವರನ್ನು ಮುಂದೆ ಬಿಡಲೇ, ಅವರಿಗಾಗಿ ನಡೆಯುತ್ತಿರುವ ಕೆಲಸವನ್ನೇ ನಿಲ್ಲಿಸಲೇ?

ಗಿರಾಕಿಗಳು ಪಾಯ್ಸಾನ್ ಕ್ರಮದಲ್ಲಿ (ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ಯಾವ ಕ್ಷಣದಲ್ಲಾದರೂ) ಬರುತ್ತಾರೆ, ಕೆಲಸದ ಅವಧಿ ಘಾತೀಯ ಹಂಚಿಕೆಯದು (ಹೆಚ್ಚಿನವು ಚಿಕ್ಕವು, ಕೆಲವು ಬಹಳ ದೀರ್ಘ), ಸರಾಸರಿ 10 ನಿಮಿಷ ಎಂದಿಟ್ಟುಕೊಳ್ಳೋಣ. ಯಂತ್ರ ನೂರರಲ್ಲಿ 80 ಪಾಲು ಹೊತ್ತು ದುಡಿಯುತ್ತದೆ. ಆ 80ರಲ್ಲಿ 20 ಪಾಲು ತುರ್ತಿನವರದು, ಅಂದರೆ ನಾಲ್ವರಲ್ಲಿ ಒಬ್ಬರು ತುರ್ತಿನವರು.

ಸರದಿಯಾದರೆ ಎಲ್ಲರೂ ಸರಾಸರಿ 40 ನಿಮಿಷ ಕಾಯಬೇಕು. ತುರ್ತಿನವರನ್ನು ಮುಂದೆ ಬಿಟ್ಟರೆ, ಆದ್ಯತೆಯ ಸಾಲಿನಲ್ಲಿ ಕಾಯುವ ಹೊತ್ತನ್ನು ಲೆಕ್ಕ ಹಾಕುವ 1954ರ ಕೋಬಮ್ ಸೂತ್ರದಂತೆ, ಅವರಿಗೆ 10, ಉಳಿದವರಿಗೆ 50. ಒಟ್ಟು ಸರಾಸರಿ ಮಾತ್ರ 40ರಿಂದ ಕದಲುವುದಿಲ್ಲ. ಒಬ್ಬ ತುರ್ತಿನವನ 30 ನಿಮಿಷದ ಉಳಿತಾಯಕ್ಕೆ ಮೂವರು ಸಾಮಾನ್ಯರು ತಲಾ ಹತ್ತು ನಿಮಿಷ ಚಂದಾ ಹಾಕಿದ್ದಾರೆ, ಅಷ್ಟೇ!

ಕೆಲಸ ನಿಲ್ಲಿಸಿದರೆ ತುರ್ತಿನವರ ಕಾಯುವಿಕೆ ಎರಡೂವರೆ ನಿಮಿಷಕ್ಕಿಳಿಯುತ್ತದೆ. ಉಳಿದವರು ಅಂಗಡಿಯಲ್ಲಿ ಕಳೆಯುವ ಹೊತ್ತು 60ರಿಂದ (ಕಾಯಲು 50, ಕೆಲಸಕ್ಕೆ 10) 62.5ಕ್ಕೆ ಏರುತ್ತದೆ. ಅಗ್ಗವೇ, ಆದರೆ ನಿಲ್ಲಿಸಿದ ಪುಟದಿಂದಲೇ ಮುಂದುವರಿಸಲು ಬರುವುದಾದರೆ ಮಾತ್ರ. ಮತ್ತೆ ಕಾಗದ ಜೋಡಿಸಬೇಕೆಂದರೆ ಈ ಲೆಕ್ಕ ಕೆಡುತ್ತದೆ; ಆಗ ಎರಡನೆಯ ದಾರಿಯೇ ಮೇಲು.

ಪ್ರಾಜೆಕ್ಟ್ ವರದಿ ಸಲ್ಲಿಸುವ ವಾರ ಬಂದವರೆಲ್ಲರೂ ತುರ್ತಿನವರೇ. ಆಗ ಸರದಿ ಸಾಕು, ಜಗಳವೂ ಕಡಿಮೆ.